ಹತ್ತು ದಿನದಲ್ಲಿ ಆ್ಯಪ್ ರೆಡಿ, ಮೂರನೇ ವರ್ಷದ ಕಥೆ ಏನು?

ಹುಬ್ಬಳ್ಳಿಯಲ್ಲಿ ಒಂದು ಹಾರ್ಡ್‌ವೇರ್ ಸಗಟು ಅಂಗಡಿ ಇದೆ ಅಂತ ಇಟ್ಟುಕೊಳ್ಳಿ. 25 ಸೇಲ್ಸ್‌ಮನ್‌ಗಳು ಗದಗ, ಹಾವೇರಿ, ಶಿರಸಿ ಅಂತ ಓಡಾಡಿ ಆರ್ಡರ್ ತರುತ್ತಾರೆ. ಆರ್ಡರ್ ಬರುವುದು ವಾಟ್ಸ್‌ಆ್ಯಪ್‌ನಲ್ಲಿ. ಆಫೀಸಿನಲ್ಲಿ ಒಬ್ಬರು ಅದನ್ನು ಎಕ್ಸೆಲ್‌ಗೆ ಹಾಕುತ್ತಾರೆ, ಇನ್ನೊಬ್ಬರು ಟ್ಯಾಲಿಗೆ ಹೊಡೆಯುತ್ತಾರೆ. ನಡುವೆ ಎಲ್ಲೋ ಅರ್ಧ ಇಂಚಿನ ಎಲ್ಬೋ ಹೋಗಿ ಮುಕ್ಕಾಲು ಇಂಚಿನದ್ದಾಗುತ್ತದೆ. ಮಾಲು ಶಿರಸಿಗೆ ಹೋಗಿ ವಾಪಸ್ ಬರುತ್ತದೆ.

ಮಾಲೀಕರಿಗೆ ಒಂದು ಆ್ಯಪ್ ಬೇಕು. ಸಾಫ್ಟ್‌ವೇರ್ ಕಂಪನಿಯನ್ನು ಕೇಳಿದರೆ ತಿಂಗಳುಗಟ್ಟಲೆ ಸಮಯ, ಲಕ್ಷಗಟ್ಟಲೆ ದುಡ್ಡು. ಅಷ್ಟರಲ್ಲಿ ಅಕ್ಕನ ಮಗ ಬಂದು, "ಮಾಮಾ, ಹತ್ತ ದಿನದಾಗ ನಾನ ಮಾಡಿ ಕೊಡ್ತೀನಿ ಬಿಡ್ರಿ" ಅನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಗೂಗಲ್‌ನ ಆ್ಯಪ್‌ಶೀಟ್, ಮೈಕ್ರೋಸಾಫ್ಟ್‌ನ ಪವರ್ ಆ್ಯಪ್ಸ್, ಚೆನ್ನೈನ ಝೋಹೋ ಕ್ರಿಯೇಟರ್, ಮುಂಬೈನ ಫ್ರಾಪೆ, ಇವುಗಳಲ್ಲಿ ಯಾವುದನ್ನು ಹಿಡಿದರೂ ಆರ್ಡರ್ ಫಾರ್ಮ್, ಐಟಂ ಪಟ್ಟಿ, ಮ್ಯಾನೇಜರ್ ಒಪ್ಪಿಗೆ, ಒಂದು ರಿಪೋರ್ಟ್, ಇಷ್ಟನ್ನು ಹತ್ತು ದಿನದಲ್ಲಿ ನಿಲ್ಲಿಸಬಹುದು. ಕೋಡ್ ಬರೆಯುವುದು ಕಡಿಮೆ, ಎಳೆದು ಜೋಡಿಸುವುದು ಜಾಸ್ತಿ. ಫ್ರಾಪೆ ಬಿಟ್ಟರೆ ಉಳಿದವುಗಳಲ್ಲಿ ಸರ್ವರ್ ತಲೆನೋವು ಕಂಪನಿಯದು.

ತೊಂದರೆ ಏನೆಂದರೆ, ಇವುಗಳನ್ನು ಹೋಲಿಸುವ ಬಹುತೇಕ ಪಟ್ಟಿಗಳು ಈ ಹತ್ತು ದಿನವನ್ನೇ ಹೋಲಿಸುತ್ತವೆ. ಎಷ್ಟು ಟೆಂಪ್ಲೇಟ್ ಇದೆ, ಸ್ಕ್ರೀನ್ ಎಷ್ಟು ಚಂದ, ಎಐ ಇದೆಯಾ ಇಲ್ವಾ. ಆ ಲೆಕ್ಕದಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ. ಅಂಗಡಿಗೆ ಬಿಸಿ ತಟ್ಟುವುದು ಎರಡನೇ, ಮೂರನೇ ವರ್ಷದಲ್ಲಿ. ಐಟಂ ಪಟ್ಟಿ ಬೆಳೆದಾಗ, ಲೈಸೆನ್ಸ್ ನಿಯಮ ಬದಲಾದಾಗ, ಕಟ್ಟಿದ ಹುಡುಗ ಬೇರೆ ಕೆಲಸಕ್ಕೆ ಹೋದಾಗ. ಹಾಗಾಗಿ ಈ ಲೇಖನದಲ್ಲಿ ಹೋಲಿಕೆ ಆ ಕಡೆಯಿಂದ.

ಬೇಗ ಸಾಫ್ಟ್‌ವೇರ್ ಕಟ್ಟುವ ಆಸೆ ಹೊಸದೇನೂ ಅಲ್ಲ. 1991ರಲ್ಲೇ ಸ್ಕ್ರೀನ್‌ಗಳನ್ನು ಎಳೆದು ಜೋಡಿಸಿ ಪ್ರೋಗ್ರಾಂ ಮಾಡುವ ವಿಷುವಲ್ ಬೇಸಿಕ್ ಬಂತು. ನಮ್ಮ ಸಣ್ಣ ಆಫೀಸುಗಳಲ್ಲಿ ಫಾಕ್ಸ್‌ಪ್ರೋ ಅನ್ನುವ ಡೇಟಾಬೇಸ್ ಸಾಧನ ಗೊತ್ತಿದ್ದ ಹುಡುಗ ಬಂದು ಸ್ಟಾಕ್, ಸಂಬಳ, ಬಿಲ್ಲು ಎಲ್ಲಕ್ಕೂ ಪ್ರೋಗ್ರಾಂ ಬರೆದುಕೊಟ್ಟು ಹೋಗುತ್ತಿದ್ದ. 2014ರಲ್ಲಿ ಫಾರೆಸ್ಟರ್ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆ ಇಂಥ ಹೊಸ ಪೀಳಿಗೆಯ ಸಾಧನಗಳನ್ನು 'ಲೋ-ಕೋಡ್' ಅಂತ ಕರೆಯಿತು, ಆ ಹೆಸರು ನಿಂತಿತು. ಆದರೆ ಫಾಕ್ಸ್‌ಪ್ರೋ ಕಾಲಕ್ಕೂ ಇವತ್ತಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಆಗ ಡೇಟಾ ಫೈಲು, ಪ್ರೋಗ್ರಾಂ ಎರಡೂ ಆಫೀಸಿನ ಕಂಪ್ಯೂಟರಿನಲ್ಲೇ ಇರುತ್ತಿದ್ದವು. ಮೈಕ್ರೋಸಾಫ್ಟ್ ಫಾಕ್ಸ್‌ಪ್ರೋ ನಿಲ್ಲಿಸಿದರೂ ಹಳೆಯ ಪ್ರೋಗ್ರಾಂ ಮಾರನೇ ದಿನ ನಿಲ್ಲಲಿಲ್ಲ. ಕ್ಲೌಡ್‌ನಲ್ಲಿ ಹಾಗಲ್ಲ. ಅವರು ಸ್ವಿಚ್ ಆರಿಸಿದರೆ ಆರಿತು.

ಆರಿಸಿದ ಉದಾಹರಣೆಗಳು ಇವೆ, ಅದೂ ಸಣ್ಣಪುಟ್ಟ ಕಂಪನಿಗಳದ್ದಲ್ಲ. ಗೂಗಲ್‌ಗೆ ಆ್ಯಪ್ ಮೇಕರ್ ಅನ್ನುವ ಸ್ವಂತ ಸಾಧನ ಇತ್ತು. 2020ರ ಜನವರಿಯಲ್ಲಿ ಗೂಗಲ್ ಆ್ಯಪ್‌ಶೀಟ್ ಕಂಪನಿಯನ್ನು ಕೊಂಡಿತು. ಅದೇ ತಿಂಗಳು ಆ್ಯಪ್ ಮೇಕರ್ ಮುಚ್ಚುವ ಸುದ್ದಿ ಹೊರಬಿತ್ತು. 2021ರ ಜನವರಿ 19ಕ್ಕೆ ಅದು ನಿಂತೇ ಹೋಯಿತು. ಗೂಗಲ್‌ನದೇ ಡೇಟಾಬೇಸ್ ಸೇವೆ ಕ್ಲೌಡ್ ಎಸ್‌ಕ್ಯೂಎಲ್‌ನಲ್ಲಿ ಡೇಟಾ ಇಟ್ಟಿದ್ದವರದ್ದು ಉಳಿಯಿತು. ಆದರೆ ಆ್ಯಪ್ ಮಾತ್ರ ಬೇರೆ ಕಡೆಗೆ ಸಾಗಿಸುವ ಹಾಗಿರಲಿಲ್ಲ, ಹೊಸದಾಗಿ ಕಟ್ಟಬೇಕಿತ್ತು. ಅಮೆಜಾನ್ 2020ರ ಜೂನ್‌ನಲ್ಲಿ ಹನಿಕೋಡ್ ಶುರು ಮಾಡಿತು. 2024ರ ಫೆಬ್ರುವರಿ 29ಕ್ಕೆ ಬಾಗಿಲು ಹಾಕಿತು. ನಾಲ್ಕು ವರ್ಷವೂ ಬಾಳಲಿಲ್ಲ. 'ದೊಡ್ಡ ಕಂಪನಿ, ಎಲ್ಲಿಗೂ ಓಡಿಹೋಗಲ್ಲ' ಅನ್ನುವ ಮಾತನ್ನು ಇಲ್ಲಿ ನಂಬಬೇಡಿ. ಕಂಪನಿ ಎಲ್ಲಿಗೂ ಹೋಗಲ್ಲ, ನಿಜ. ನೀವು ಬಳಸುವ ಸಾಧನ ಅವರ ಒಟ್ಟು ವ್ಯವಹಾರದಲ್ಲಿ ಎಷ್ಟು ಮುಖ್ಯ ಅನ್ನೋದು ಪ್ರಶ್ನೆ.

ಈಗ ಮುಚ್ಚುವ ಮಾತು ಬಿಡಿ. ದಿನನಿತ್ಯ ನಡೆಯುತ್ತಿರುವಾಗಲೇ ಕಾಡುವ ಒಂದು ವಿಷಯ ಹೇಳುತ್ತೇನೆ. ಪವರ್ ಆ್ಯಪ್ಸ್ ಹೊಸದಾಗಿ ಕಲಿತವರು ಸಾಮಾನ್ಯವಾಗಿ ಡೇಟಾವನ್ನು ಮೈಕ್ರೋಸಾಫ್ಟ್‌ನದೇ ಶೇರ್‌ಪಾಯಿಂಟ್‌ನಲ್ಲಿ, ಎಕ್ಸೆಲ್‌ನಂಥ ಒಂದು ಲಿಸ್ಟ್ ಮಾಡಿ ಇಡುತ್ತಾರೆ. ಮೈಕ್ರೋಸಾಫ್ಟ್ 365 ಚಂದಾದಲ್ಲೇ ಅದು ಬರುತ್ತದೆ, ಬೇರೆ ದುಡ್ಡು ಬೇಡ. ನಮ್ಮ ಅಂಗಡಿಯ ಐಟಂ ಪಟ್ಟಿಯಲ್ಲಿ 3,400 ಸಾಲು ಇವೆ ಅನ್ನಿ. ಸೇಲ್ಸ್‌ಮನ್ ಐಟಂ ಹುಡುಕಲು ಒಂದು ಬಾಕ್ಸ್ ಇಟ್ಟು, 'ಸರ್ಚ್' ಅನ್ನುವ ಫಾರ್ಮುಲಾ ಹಾಕುತ್ತೀರಿ. ಈ ಫಾರ್ಮುಲಾವನ್ನು ಶೇರ್‌ಪಾಯಿಂಟ್ ತನ್ನ ಕಡೆ ನಡೆಸುವುದಿಲ್ಲ. ಆಗ ಆ್ಯಪ್ ಏನು ಮಾಡುತ್ತದೆ? ಮೊದಲ 500 ಸಾಲುಗಳನ್ನು ಮಾತ್ರ ತರಿಸಿಕೊಂಡು ಅಷ್ಟರಲ್ಲೇ ಹುಡುಕುತ್ತದೆ. ಸೆಟ್ಟಿಂಗ್ ಬದಲಿಸಿದರೆ 2,000 ಸಾಲು, ಅದೇ ಕೊನೆ. 2,001ನೇ ಐಟಂ ಗೋಡೌನ್‌ನಲ್ಲಿ ರಾಶಿ ಬಿದ್ದಿದ್ದರೂ ಆ್ಯಪ್‌ನಲ್ಲಿ ಕಾಣುವುದಿಲ್ಲ.

ಕೆಟ್ಟದ್ದು ಏನೆಂದರೆ, ಸೇಲ್ಸ್‌ಮನ್‌ಗೆ ಯಾವ ಎರರ್ ಕೂಡ ಬರುವುದಿಲ್ಲ. ಆ್ಯಪ್ ಕಟ್ಟುವವನಿಗೆ ಎಡಿಟರ್‌ನಲ್ಲಿ ಒಂದು ಹಳದಿ ತ್ರಿಕೋನ ಕಾಣುತ್ತದೆ, ಅಷ್ಟೇ. ಟೆಸ್ಟ್ ಮಾಡುವಾಗ ನೂರು ಐಟಂ ಹಾಕಿ ನೋಡಿದವನಿಗೆ ಎಲ್ಲವೂ ಸರಿ ಅನಿಸುತ್ತದೆ. ಆರು ತಿಂಗಳಾದ ಮೇಲೆ "ಆ ಐಟಂ ನಮ್ಮಲ್ಲಿ ಇಲ್ಲ ಸರ್" ಅಂತ ಅಂಗಡಿಯವರಿಗೆ ಹೇಳಿ ಆರ್ಡರ್ ಕಳೆದುಕೊಂಡಾಗ ಯಾರೋ ಗಮನಿಸುತ್ತಾರೆ. ಇದಕ್ಕೆ ಪರಿಹಾರ ಇದೆ. ಡೇಟಾವನ್ನು ಮೈಕ್ರೋಸಾಫ್ಟ್‌ನ ಡೇಟಾಬೇಸ್‌ಗಳಾದ ಡೇಟಾವರ್ಸ್‌ಗೋ ಎಸ್‌ಕ್ಯೂಎಲ್ ಸರ್ವರ್‌ಗೋ ಸಾಗಿಸಬೇಕು. ಅಲ್ಲಿಗೆ ಹೋದ ಕೂಡಲೇ ಅದು 'ಪ್ರೀಮಿಯಂ'. ಆ್ಯಪ್ ಬಳಸುವ ಪ್ರತಿಯೊಬ್ಬರಿಗೂ ಬೇರೆ ಲೈಸೆನ್ಸ್. 2019ರ ಅಕ್ಟೋಬರ್‌ಗೆ ಮೊದಲು ಎಸ್‌ಕ್ಯೂಎಲ್ ಸರ್ವರ್ ಜೋಡಣೆ ಮಾಮೂಲಿ ಚಂದಾದಲ್ಲೇ ನಡೆಯುತ್ತಿತ್ತು. ಆಮೇಲೆ ಅದನ್ನು ಪ್ರೀಮಿಯಂ ಪಟ್ಟಿಗೆ ಸೇರಿಸಿದರು. ಹಳೆಯ ಆ್ಯಪ್‌ಗಳಿಗೆ ಸ್ವಲ್ಪ ಕಾಲ ವಿನಾಯಿತಿ ಕೊಟ್ಟರು ಅನ್ನೋದು ಬೇರೆ ಮಾತು.

ದುಡ್ಡಿನ ಲೆಕ್ಕ ನೋಡೋಣ. ಪವರ್ ಆ್ಯಪ್ಸ್ ಪ್ರೀಮಿಯಂನ ಪಟ್ಟಿ ದರ ತಲೆಗೆ ತಿಂಗಳಿಗೆ 20 ಡಾಲರ್. 25 ಸೇಲ್ಸ್‌ಮನ್, ಆಫೀಸಿನ ಐದು ಜನ, ಒಟ್ಟು 30. ವರ್ಷಕ್ಕೆ 7,200 ಡಾಲರ್. ಡಾಲರ್‌ಗೆ 85 ರೂಪಾಯಿ ಅಂತ ಕಡಿಮೆಯೇ ಹಿಡಿದರೂ 6 ಲಕ್ಷದ 12 ಸಾವಿರ. ಮೇಲೆ ಜಿಎಸ್‌ಟಿ. ಆ್ಯಪ್‌ಶೀಟ್‌ನ ಕೋರ್ ಪ್ಲಾನ್ 10 ಡಾಲರ್, ಹಾಗಾಗಿ ಅರ್ಧ. ಗೂಗಲ್ ವರ್ಕ್‌ಸ್ಪೇಸ್ ಇದ್ದವರಿಗೆ ಹೆಚ್ಚಿನ ಪ್ಲಾನ್‌ಗಳಲ್ಲಿ ಕೋರ್ ಒಳಗೇ ಸೇರಿದೆ. ಆದರೆ ಸೇಲ್ಸ್‌ಮನ್‌ಗಳಿಗೆಲ್ಲ ಕಂಪನಿಯ ವರ್ಕ್‌ಸ್ಪೇಸ್ ಅಕೌಂಟ್ ಇದೆಯಾ? ಸಾಮಾನ್ಯವಾಗಿ ಮಾಲೀಕರಿಗೆ, ಅಕೌಂಟೆಂಟ್‌ಗೆ ಇರುತ್ತದೆ, ಉಳಿದವರು ಸ್ವಂತ ಜಿಮೇಲ್‌ನಲ್ಲಿ ಓಡಿಸುತ್ತಾರೆ. ಒಂದೇ ಲಾಗಿನ್ ಅನ್ನು ಹತ್ತು ಜನ ಹಂಚಿಕೊಳ್ಳುವ ನಮ್ಮ ಹಳೆಯ ಚಾಳಿ ಇಲ್ಲಿ ನಡೆಯುವುದಿಲ್ಲ. ಲೈಸೆನ್ಸ್ ಷರತ್ತಿಗೂ ವಿರುದ್ಧ, ಯಾರು ಯಾವ ಆರ್ಡರ್ ಹಾಕಿದರು ಅಂತಲೂ ಗೊತ್ತಾಗಲ್ಲ.

ಝೋಹೋ ಕ್ರಿಯೇಟರ್ ಕೂಡ ತಲೆ ಲೆಕ್ಕವೇ. ಆದರೆ ಬಿಲ್ ರೂಪಾಯಿಯಲ್ಲಿ ಬರುತ್ತದೆ, ಡಾಲರ್ ಏರಿಳಿತದ ಚಿಂತೆ ಇಲ್ಲ. ಫ್ರಾಪೆ ಪೂರ್ತಿ ಬೇರೆ ದಾರಿ. ಅದು ಮುಕ್ತ ತಂತ್ರಾಂಶ, ತಲೆಗೆ ಇಷ್ಟು ಅನ್ನುವ ಲೈಸೆನ್ಸ್ ಇಲ್ಲ. ಸರ್ವರ್ ಎಷ್ಟು ದೊಡ್ಡದೋ ಅಷ್ಟು ಖರ್ಚು. 30 ಜನ ಬಳಸಿದರೂ 300 ಜನ ಬಳಸಿದರೂ ಸಾಫ್ಟ್‌ವೇರ್‌ಗೆ ಬಿಲ್ ಇಲ್ಲ. ಹಾಗಂತ ಬಿಟ್ಟಿ ಅಂದುಕೊಳ್ಳಬೇಡಿ. ಅಪ್‌ಡೇಟ್ ಮಾಡಲು, ಬ್ಯಾಕಪ್ ನೋಡಲು, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಒಬ್ಬರು ಬೇಕು. ಆ ಒಬ್ಬರ ಸಂಬಳ ಮೇಲಿನ ಲೈಸೆನ್ಸ್ ಮೊತ್ತಕ್ಕಿಂತ ಕಡಿಮೆ ಇರಲಿಕ್ಕಿಲ್ಲ. ಜನ ಜಾಸ್ತಿ ಇದ್ದು, ಒಬ್ಬೊಬ್ಬರು ಬಳಸುವುದು ಕಡಿಮೆ ಆದರೆ ತಲೆ ಲೆಕ್ಕದ ದರ ದುಬಾರಿ. ಹತ್ತೇ ಜನ ಇಡೀ ದಿನ ಅದರಲ್ಲೇ ಕೂತಿದ್ದರೆ ತಲೆ ಲೆಕ್ಕ ಲಾಭ.

ಹೋಲಿಕೆ ಪಟ್ಟಿಗಳಲ್ಲಿ ಕಾಣುವ ಇನ್ನೆರಡು ಲೋ-ಕೋಡ್ ಸಾಧನ ಔಟ್‌ಸಿಸ್ಟಮ್ಸ್, ಮೆಂಡಿಕ್ಸ್ ಬಗ್ಗೆ ಎರಡು ಮಾತು ಸಾಕು. ಪೋರ್ಚುಗಲ್‌ನಲ್ಲಿ 2001ರಲ್ಲಿ ಹುಟ್ಟಿದ್ದು ಒಂದು, ನೆದರ್‌ಲ್ಯಾಂಡ್ಸ್‌ನಲ್ಲಿ 2005ರಲ್ಲಿ ಹುಟ್ಟಿ 2018ರಲ್ಲಿ ಸೀಮೆನ್ಸ್ ಪಾಲಾದದ್ದು ಇನ್ನೊಂದು. ಬ್ಯಾಂಕು, ವಿಮೆ ಕಂಪನಿ, ದೊಡ್ಡ ಕಾರ್ಖಾನೆಗಳ ಸಾಧನಗಳು. ತಂತ್ರಜ್ಞಾನ ಗಟ್ಟಿ, ದರ ಸೇಲ್ಸ್ ತಂಡದ ಜೊತೆ ಕೂತು ಚೌಕಾಸಿ ಮಾಡುವ ಮಟ್ಟದ್ದು. ಸ್ವಂತ ಐಟಿ ವಿಭಾಗ ಇಲ್ಲದವರು ಆ ಕಡೆ ನೋಡುವ ಅಗತ್ಯವಿಲ್ಲ. ಸೇಲ್ಸ್‌ಫೋರ್ಸ್ ಕೂಡ ಹೆಚ್ಚುಕಡಿಮೆ ಅದೇ ಸಾಲಿನದು, ಗ್ರಾಹಕರ ನಿರ್ವಹಣೆಗೆ ಅದನ್ನು ಆಗಲೇ ಬಳಸುತ್ತಿದ್ದರೆ ಮಾತ್ರ ಅರ್ಥ ಇದೆ.

ನಮ್ಮ ಅಂಗಡಿಗೆ ದರಕ್ಕಿಂತ ಮೊದಲು ಬರುವ ಪ್ರಶ್ನೆ ನೆಟ್‌ವರ್ಕ್. ಶಿರಸಿ ಸುತ್ತಮುತ್ತ ಕಾಡಿನ ದಾರಿಯಲ್ಲಿ ಸಿಗ್ನಲ್ ಇರುತ್ತದೆ, ಹೋಗುತ್ತದೆ. ಇಲ್ಲಿ ಆ್ಯಪ್‌ಶೀಟ್ ಮುಂದಿದೆ. ಅದು ಬೇಕಾದ ಡೇಟಾವನ್ನು ಮೊಬೈಲ್‌ಗೆ ಇಳಿಸಿಕೊಂಡು, ಸಿಗ್ನಲ್ ಇಲ್ಲದಾಗಲೂ ಆರ್ಡರ್ ತೆಗೆದುಕೊಂಡು, ಸಿಕ್ಕಾಗ ಕಳಿಸುತ್ತದೆ. ಅದರ ದೌರ್ಬಲ್ಯವೂ ಅಲ್ಲಿಂದಲೇ ಬರುತ್ತದೆ. ಡೇಟಾ ಬೆಳೆದಂತೆ ಇಳಿಸಿಕೊಳ್ಳುವುದು ಜಾಸ್ತಿಯಾಗಿ ಸಿಂಕ್ ಎಳೆಯತೊಡಗುತ್ತದೆ. ಯಾರಿಗೆ ಯಾವ ಸಾಲು ಬೇಕೋ ಅಷ್ಟೇ ಹೋಗುವಂತೆ ಫಿಲ್ಟರ್ ಹಾಕಬೇಕು, ಗೂಗಲ್ ಶೀಟ್ ಬಿಟ್ಟು ನಿಜವಾದ ಡೇಟಾಬೇಸ್‌ಗೆ ಹೋಗಬೇಕು. ಝೋಹೋ ಕ್ರಿಯೇಟರ್‌ನ ಮೊಬೈಲ್ ಆ್ಯಪ್‌ನಲ್ಲೂ ಆಫ್‌ಲೈನ್‌ನಲ್ಲಿ ಫಾರ್ಮ್ ತುಂಬಿಡಬಹುದು. ಪವರ್ ಆ್ಯಪ್ಸ್‌ನಲ್ಲಿ ಇದು ಆಗುತ್ತದೆ, ಆದರೆ ಒಂದೋ ಡೇಟಾವರ್ಸ್ ಬೇಕು, ಇಲ್ಲವೇ ಫಾರ್ಮುಲಾ ಬರೆದು ಕೈಯಾರೆ ಮಾಡಬೇಕು. ಫ್ರಾಪೆ ಮೂಲತಃ ಬ್ರೌಸರ್‌ನಲ್ಲಿ ನಡೆಯುವಂಥದ್ದು, ನೆಟ್ ಇಲ್ಲದಿದ್ದರೆ ಸುಮ್ನೆ ಕೂರಬೇಕು.

ಇನ್ನೊಂದು ಪರೀಕ್ಷೆ ಮಾಡಿ, ಯಾವ ಹೋಲಿಕೆ ಪಟ್ಟಿಯಲ್ಲೂ ಸಿಗಲ್ಲ. ಡೆಮೊ ಕೊಡಲು ಬಂದವರ ಎದುರಿಗೇ ಗ್ರಾಹಕರ ಹೆಸರು ಕನ್ನಡದಲ್ಲಿ ಟೈಪ್ ಮಾಡಿಸಿ. 'ವೀರಭದ್ರೇಶ್ವರ ಹಾರ್ಡ್‌ವೇರ್ಸ್, ಲಕ್ಷ್ಮೇಶ್ವರ' ಅಂತ. ಸ್ಕ್ರೀನ್ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಈಗ ಅದನ್ನು ಪಿಡಿಎಫ್ ಬಿಲ್ ಮಾಡಿಸಿ, ಪ್ರಿಂಟ್ ತೆಗೆಸಿ. ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಂತರೆ, ಅಥವಾ ಅಕ್ಷರದ ಜಾಗದಲ್ಲಿ ಚೌಕ ಬಂದರೆ, ಅಲ್ಲೇ ಗೊತ್ತಾಗುತ್ತದೆ. ಸ್ವಂತ ಸರ್ವರ್ ಇದ್ದರೆ ಅದರಲ್ಲಿ ಕನ್ನಡ ಫಾಂಟ್ ಹಾಕಿ ಸರಿ ಮಾಡಬಹುದು. ಅವರ ಕ್ಲೌಡ್‌ನಲ್ಲಿ ಅವರು ಸರಿ ಮಾಡುವವರೆಗೆ ಕಾಯಬೇಕು. ಗ್ರಾಹಕರಿಗೆ ಕನ್ನಡ ರಸೀದಿ ಕೊಡುವ ಸಹಕಾರ ಸಂಘ, ಹಾಲಿನ ಡೇರಿ, ಶಾಲೆಗಳಿಗೆ ಇದು ಸಣ್ಣ ವಿಷಯ ಅಲ್ಲ.

ಈಗ ಭದ್ರತೆ. ಇಲ್ಲಿ ಒಂದು ಘಟನೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. 2021ರಲ್ಲಿ ಅಪ್‌ಗಾರ್ಡ್ ಅನ್ನುವ ಭದ್ರತಾ ಸಂಸ್ಥೆ ಪವರ್ ಆ್ಯಪ್ಸ್ ಪೋರ್ಟಲ್‌ಗಳನ್ನು, ಅಂದರೆ ಅದರಲ್ಲಿ ಕಟ್ಟಿದ ವೆಬ್‌ಸೈಟ್‌ಗಳನ್ನು, ಜಾಲಾಡಿತು. 47 ಸಂಸ್ಥೆಗಳ 3.8 ಕೋಟಿ ದಾಖಲೆಗಳು ಯಾರು ಬೇಕಾದರೂ ನೋಡುವಂತೆ ತೆರೆದಿದ್ದವು. ಅಮೆರಿಕನ್ ಏರ್‌ಲೈನ್ಸ್, ಫೋರ್ಡ್, ಮೇರಿಲ್ಯಾಂಡ್‌ನ ಆರೋಗ್ಯ ಇಲಾಖೆ ಆ ಪಟ್ಟಿಯಲ್ಲಿದ್ದವು. ಮೈಕ್ರೋಸಾಫ್ಟ್‌ನ ಸ್ವಂತ ಪೋರ್ಟಲ್‌ಗಳೂ ಇದ್ದವು. ಯಾರೂ ಹ್ಯಾಕ್ ಮಾಡಿರಲಿಲ್ಲ. ಟೇಬಲ್‌ನ ಡೇಟಾವನ್ನು ಹೊರಗೆ ಹಂಚುವ ಒಂದು ಸೌಲಭ್ಯ ಆನ್ ಮಾಡಿದಾಗ, 'ಯಾರಿಗೆ ಅನುಮತಿ' ಅನ್ನುವ ಇನ್ನೊಂದು ಸೆಟ್ಟಿಂಗ್ ಅನ್ನೂ ಬೇರೆಯಾಗಿ ಆನ್ ಮಾಡಬೇಕಿತ್ತು. ಅದು ಮೊದಲಿಗೆ ಆಫ್ ಇರುತ್ತಿತ್ತು. ಹಾಗೇ ಬಿಟ್ಟರೆ ಜಗತ್ತಿಗೆಲ್ಲ ಅನುಮತಿ. ವಿಷಯ ತಿಳಿಸಿದಾಗ ಮೈಕ್ರೋಸಾಫ್ಟ್ ಮೊದಲು ಕೊಟ್ಟ ಉತ್ತರ, ಇದು ಇರಬೇಕಾದ್ದೇ ಹೀಗೆ ಅಂತ. ಆಮೇಲೆ ಸೆಟ್ಟಿಂಗ್ ಬದಲಿಸಿದರು.

ಐಟಿ ವಿಭಾಗ ಇರುವ ಕಂಪನಿಗಳೇ ಎಡವಿದ ಜಾಗ ಇದು. ನಮ್ಮ ಅಕ್ಕನ ಮಗನಿಂದ ಏನನ್ನು ನಿರೀಕ್ಷಿಸುವುದು? ಈ ಸಾಧನಗಳ ಹೆಚ್ಚುಗಾರಿಕೆಯೇ 'ಯಾರು ಬೇಕಾದರೂ ಕಟ್ಟಬಹುದು' ಅನ್ನೋದು. ಹಾಗಿದ್ದ ಮೇಲೆ, ಗೊತ್ತಿಲ್ಲದವನು ಏನೂ ಮುಟ್ಟದೆ ಬಿಟ್ಟರೆ ಬಾಗಿಲು ಮುಚ್ಚಿರಬೇಕು, ತೆರೆದಿರಬಾರದು. ಡೆಮೊದಲ್ಲಿ ಕೇಳಬೇಕಾದ್ದು ಇದನ್ನು. ಹೊಸ ಟೇಬಲ್ ಮಾಡಿಸಿ, ಏನೂ ಸೆಟ್ಟಿಂಗ್ ಮಾಡದೆ, ಬೇರೆ ಲಾಗಿನ್‌ನಿಂದ ತೆರೆಸಿ ನೋಡಿ. ಫ್ರಾಪೆಯಲ್ಲಿ ಯಾವ ಹುದ್ದೆಯವರು ಓದಬಹುದು, ಬರೆಯಬಹುದು, ಅಳಿಸಬಹುದು ಅನ್ನುವುದನ್ನು ಟೇಬಲ್ ಮಾಡುವಾಗಲೇ ಹೇಳುತ್ತೀರಿ. ಅದು ನನಗೆ ಇಷ್ಟವಾದ ರೀತಿ.

2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ, ಹಂತಹಂತವಾಗಿ ಜಾರಿಯಾಗಲಿವೆ. ಡೇಟಾ ಕಾಯುವಲ್ಲಿ ಸೋತರೆ ದಂಡ 250 ಕೋಟಿವರೆಗೂ ಹೋಗಬಹುದು. ಪ್ಲಾಟ್‌ಫಾರ್ಮ್ ಕಂಪನಿ ಜೊತೆ ನಿಮ್ಮ ಒಪ್ಪಂದ ಏನೇ ಇರಲಿ, ಗ್ರಾಹಕರ ಎದುರು ಜವಾಬ್ದಾರಿ ನಿಮ್ಮದೇ.

ಟ್ಯಾಲಿ ವಿಷಯ ಬಿಟ್ಟರೆ ಕರ್ನಾಟಕದ ವ್ಯಾಪಾರಿಗೆ ಈ ಚರ್ಚೆ ಅರ್ಧವೇ. ಉತ್ಸಾಹದಲ್ಲಿ ಕೆಲವರು ಬಿಲ್ಲು, ಲೆಡ್ಜರ್ ಎಲ್ಲವನ್ನೂ ಹೊಸ ಆ್ಯಪ್‌ನಲ್ಲೇ ಕಟ್ಟಲು ಹೊರಡುತ್ತಾರೆ. ಬೇಡ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ ಯಾರು ಯಾವಾಗ ಏನು ತಿದ್ದಿದರು ಅನ್ನುವ ದಾಖಲೆ ಇರಲೇಬೇಕು, ಅದನ್ನು ಆಫ್ ಮಾಡುವಂತಿರಬಾರದು. ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್ ಕೂಡ ಕಡ್ಡಾಯ. ಇದನ್ನೆಲ್ಲ ಟ್ಯಾಲಿಯೋ ಅಂಥದ್ದೋ ನೋಡಿಕೊಳ್ಳಲಿ. ಹೊಸ ಆ್ಯಪ್ ಆರ್ಡರ್ ತಂದುಕೊಡಲಿ.

ಆದರೆ ಎರಡನ್ನೂ ಜೋಡಿಸುವುದು ಹೇಗೆ? ಟ್ಯಾಲಿ ಇರುವುದು ಆಫೀಸಿನ ಕಂಪ್ಯೂಟರಿನಲ್ಲಿ. ಅದು ಎಕ್ಸ್‌ಎಂಎಲ್ ರೂಪದಲ್ಲಿ ಡೇಟಾ ಕೊಡುತ್ತದೆ, ತೆಗೆದುಕೊಳ್ಳುತ್ತದೆ. ಸಾಮಾನ್ಯವಾಗಿ 9000 ಅನ್ನುವ ಪೋರ್ಟ್‌ನಲ್ಲಿ. ಕ್ಲೌಡ್‌ನಲ್ಲಿರುವ ಆ್ಯಪ್ ಆಫೀಸಿನ ಆ ಕಂಪ್ಯೂಟರನ್ನು ನೇರವಾಗಿ ಮುಟ್ಟಲಾಗದು. ನಡುವೆ ಒಂದು ಸಣ್ಣ ಪ್ರೋಗ್ರಾಂ ಆಫೀಸಿನಲ್ಲೇ ಕೂತು, ಕ್ಲೌಡ್‌ನಿಂದ ಆರ್ಡರ್ ಎಳೆದು ಟ್ಯಾಲಿಗೆ ಹಾಕಬೇಕು. ಕೊಟೇಶನ್‌ನಲ್ಲಿ 'ಟ್ಯಾಲಿ ಇಂಟಿಗ್ರೇಶನ್' ಅಂತ ಒಂದೇ ಸಾಲಿನಲ್ಲಿ ಬರೆದಿದ್ದರೆ, ಈ ನಡುವಿನ ಪ್ರೋಗ್ರಾಂ ಯಾರು ಬರೆಯುತ್ತಾರೆ, ಕರೆಂಟ್ ಹೋಗಿ ಬಂದ ಮೇಲೆ ಅದು ತಾನೇ ಶುರುವಾಗುತ್ತದಾ, ಒಂದೇ ಆರ್ಡರ್ ಎರಡು ಸಲ ಹೋಗದಂತೆ ಏನು ವ್ಯವಸ್ಥೆ ಅಂತ ಕೇಳಿ. ಅದಕ್ಕೆ ಉತ್ತರ ತಡವರಿಸಿದರೆ ಪಕ್ಕಾ ಎರಡೆರಡು ಎಂಟ್ರಿ ಮುಂದುವರಿಯುತ್ತದೆ.

ಹೊರಬರುವ ದಾರಿ ಯಾವುದರಲ್ಲಿ ಎಷ್ಟು ಅಗಲ? ಡೇಟಾವನ್ನು ಎಕ್ಸೆಲ್‌ಗೆ ಇಳಿಸುವುದು ಎಲ್ಲದರಲ್ಲೂ ಆಗುತ್ತದೆ. ಆ್ಯಪ್‌ನ ಬುದ್ಧಿ, ಅಂದರೆ ಒಪ್ಪಿಗೆಯ ನಿಯಮ, ರಿಯಾಯಿತಿಯ ಲೆಕ್ಕ, ಅದು ಬರುವುದಿಲ್ಲ. ಝೋಹೋ ಕ್ರಿಯೇಟರ್ ಆ್ಯಪ್ ಅನ್ನು ಒಂದು ಫೈಲಾಗಿ ಇಳಿಸಿ ಕೊಡುತ್ತದೆ, ಆದರೆ ಆ ಫೈಲು ಮತ್ತೆ ಕ್ರಿಯೇಟರ್‌ಗೆ ಮಾತ್ರ ಅರ್ಥವಾಗುತ್ತದೆ. ಅದರ ಡೆಲ್ಯೂಜ್ ಭಾಷೆ ಝೋಹೋ ಹೊರಗೆ ಎಲ್ಲೂ ಓಡಲ್ಲ. ಪವರ್ ಆ್ಯಪ್ಸ್, ಆ್ಯಪ್‌ಶೀಟ್ ಕಥೆಯೂ ಅಷ್ಟೇ. ಫ್ರಾಪೆಯಲ್ಲಿ ಇಡೀ ಸೈಟಿನ ಬ್ಯಾಕಪ್ ತೆಗೆದು ಬೇರೆ ಯಾವುದೇ ಸರ್ವರ್‌ನಲ್ಲಿ ಎಬ್ಬಿಸಬಹುದು, ಕಂಪನಿಯೇ ಇಲ್ಲವಾದರೂ. ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೆರೋಧಾ ಇದರಲ್ಲಿ ಹಣ ಹೂಡಿದೆ ಅನ್ನುವುದಕ್ಕಿಂತ ನನಗೆ ಈ ಅಂಶ ಮುಖ್ಯ. ಡೇಟಾಬೇಸ್ ಆಗಲೇ ಇದ್ದು, ಆಫೀಸಿನವರಿಗೆ ಸ್ಕ್ರೀನ್ ಮಾತ್ರ ಬೇಕಿದ್ದರೆ ಬೆಂಗಳೂರಿನಲ್ಲೇ ಹುಟ್ಟಿದ ಆ್ಯಪ್‌ಸ್ಮಿತ್ ಕೂಡ ಮುಕ್ತ ತಂತ್ರಾಂಶ, ನೋಡಬಹುದು.

ಇದು ಬರೀ ಸಿದ್ಧಾಂತದ ಮಾತಲ್ಲ. 2025ರ ಜುಲೈನಲ್ಲಿ ಯುರೋಪ್ ಒಕ್ಕೂಟದ ನಿರ್ಬಂಧದ ಹಿನ್ನೆಲೆಯಲ್ಲಿ ಮೈಕ್ರೋಸಾಫ್ಟ್ ಭಾರತದ ನಯಾರಾ ಎನರ್ಜಿಯ ಸೇವೆಗಳನ್ನು ತಡೆಹಿಡಿಯಿತು. ಹಣ ಕಟ್ಟಿದ್ದ ಗ್ರಾಹಕ. ಅವರು ದೆಹಲಿ ಹೈಕೋರ್ಟ್‌ಗೆ ಹೋದರು, ಕೆಲವೇ ದಿನಗಳಲ್ಲಿ ಸೇವೆ ಮರಳಿತು. ತೈಲ ಸಂಸ್ಕರಣಾ ಕಂಪನಿಗೆ ವಕೀಲರ ಪಡೆ ಇರುತ್ತದೆ. ಸಗಟು ಅಂಗಡಿಗೆ?

ಹಾಗಾದರೆ ಯಾವುದು? ಇದೇ ಅಂಗಡಿಗೆ ನಾನು ಹೇಳುವುದಾದರೆ, ಹೊರಗೆ ಓಡಾಡುವವರ ಆರ್ಡರ್‌ಗೆ ಆ್ಯಪ್‌ಶೀಟ್ ಅಥವಾ ಝೋಹೋ ಕ್ರಿಯೇಟರ್, ಲೆಕ್ಕ ಟ್ಯಾಲಿಯಲ್ಲೇ. ಪೈಥಾನ್ ಬಲ್ಲ, ಎರಡು ವರ್ಷವಾದರೂ ನಿಲ್ಲುವ ಒಬ್ಬರು ಕೈಲಿದ್ದರೆ ಫ್ರಾಪೆ. ಮೈಕ್ರೋಸಾಫ್ಟ್ 365 ಎಲ್ಲರಿಗೂ ಆಗಲೇ ಇದ್ದು, ಪ್ರೀಮಿಯಂ ಲೈಸೆನ್ಸ್‌ಗೆ ದುಡ್ಡು ಎತ್ತಿಟ್ಟಿದ್ದರೆ ಮಾತ್ರ ಪವರ್ ಆ್ಯಪ್ಸ್. ಶೇರ್‌ಪಾಯಿಂಟ್‌ನಲ್ಲಿ ಬಿಟ್ಟಿ ಆಗುತ್ತದೆ ಅನ್ನುವ ಆಸೆಗೆ ಬೇಡ.

ಈ ಲೆಕ್ಕವನ್ನು ಈಗ ಎಐ ಕಲಕುತ್ತಿದೆ. ಬೇಕಾದ್ದನ್ನು ಬಾಯಲ್ಲಿ ಹೇಳಿದರೆ ಕೋಡ್ ಬರೆದುಕೊಡುವ ಲವಬಲ್, ರೆಪ್ಲಿಟ್‌ನಂಥ ಸಾಧನಗಳು ಬಂದಿವೆ. ಇವು ಕೊಡುವುದು ನಿಜವಾದ ಕೋಡ್, ಎಲ್ಲಿ ಬೇಕಾದರೂ ಓಡುತ್ತದೆ. ಹೊರಬರುವ ದಾರಿಯ ಸಮಸ್ಯೆ ಅರ್ಧ ಕಮ್ಮಿ. ಅನುಮತಿಯ ಸಮಸ್ಯೆ ಮಾತ್ರ ಹಾಗೇ ಇದೆ. 2025ರಲ್ಲಿ ಲವಬಲ್‌ನಲ್ಲಿ ಕಟ್ಟಿದ ಹಲವು ಆ್ಯಪ್‌ಗಳಲ್ಲಿ ಯಾರು ಯಾವ ಸಾಲು ನೋಡಬಹುದು ಅನ್ನುವ ನಿಯಮವೇ ಸರಿಯಿಲ್ಲದೆ ಬಳಕೆದಾರರ ಮಾಹಿತಿ ಹೊರಗೆ ಕಾಣುತ್ತಿತ್ತು. ಪವರ್ ಆ್ಯಪ್ಸ್ ಪೋರ್ಟಲ್‌ಗಳ ಗಲಾಟೆ ಆಗಿ ನಾಲ್ಕು ವರ್ಷದ ಮೇಲೆ, ಹೆಚ್ಚುಕಡಿಮೆ ಅದೇ ತಪ್ಪು. 2025ರ ಜುಲೈನಲ್ಲಿ ರೆಪ್ಲಿಟ್‌ನ ಎಐ ಒಬ್ಬ ಬಳಕೆದಾರರ ಚಾಲ್ತಿ ಡೇಟಾಬೇಸನ್ನೇ ಅಳಿಸಿಹಾಕಿ ಸುದ್ದಿಯಾಯಿತು.

ಹಳೆಯ ಪ್ಲಾಟ್‌ಫಾರ್ಮ್‌ಗಳೂ ಎಐ ಸೇರಿಸುತ್ತಿವೆ. ಕೋಡ್ ಬರೆಯುವುದೇ ಅಗ್ಗವಾದ ಮೇಲೆ ತಲೆಗೆ 20 ಡಾಲರ್ ದರ ಎಷ್ಟು ದಿನ ನಿಲ್ಲುತ್ತದೆ ಅನ್ನುವುದು ಅವರಿಗೂ ಚಿಂತೆ. ಅದಕ್ಕೇ ಈಗ ಮೂರು ವರ್ಷಕ್ಕೆ ಒಟ್ಟಿಗೆ ಸೈನ್ ಮಾಡಿ, ಒಳ್ಳೆ ಡಿಸ್ಕೌಂಟ್ ಕೊಡ್ತೀವಿ ಅಂತ ಯಾರಾದರೂ ಬಂದರೆ, ನಾನಾದರೆ ಡಿಸ್ಕೌಂಟ್ ಬಿಟ್ಟು ಒಂದೇ ವರ್ಷಕ್ಕೆ ಸೈನ್ ಮಾಡುತ್ತೇನೆ. ತಿಂಗಳಿಗೊಮ್ಮೆ ಪೂರ್ತಿ ಡೇಟಾ ಇಳಿಸಿಕೊಳ್ಳುವ ಹಕ್ಕು, ಮುಚ್ಚುವುದಾದರೆ ಕನಿಷ್ಠ ಒಂದು ವರ್ಷದ ಮುನ್ಸೂಚನೆ, ಇವೆರಡನ್ನೂ ಒಪ್ಪಂದದಲ್ಲಿ ಬರೆಸಿಕೊಂಡು.